ಸ್ವಂತ ಅಕ್ಕನೇ ರೆಫ್ರಿ

"ಫೆಬ್ರವರಿ ೧೧, ಭಾನುವಾರ. ಮೊದಲ ಪಂದ್ಯ. ನಾನೇ ರೆಫ್ರಿ ಅಂತ ಯಾರಿಗೂ ಹೊಳೆಯಲಿಲ್ಲ." ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಗಂಡಸರೇ ಮಾಡಿಕೊಂಡು ಬಂದ ಕೆಲಸಕ್ಕೆ ಹೆಂಗಸು ಹೋದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಬರೆದಿಟ್ಟುಕೊಂಡೆ, ಅಷ್ಟೆ.

ಬಿ.ಎ. ಮುಗಿಸಿ ಇಂದಿರಾನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ನಲವತ್ತೊಂದನೆಯ ವಯಸ್ಸಿನಲ್ಲಿ ಫುಟ್‌ಬಾಲ್ ರೆಫ್ರಿ ಪರೀಕ್ಷೆ ಪಾಸು ಮಾಡಿದೆ. ಹಲಸೂರಿನ ನಮ್ಮ ಭಾನುವಾರದ ಲೀಗಿನಲ್ಲಿ ಅಲ್ಲಿಯವರೆಗೆ ಹೆಂಗಸೊಬ್ಬಳು ವಿಷಲ್ ಹಿಡಿದಿರಲಿಲ್ಲ. ಕಾರ್ಯದರ್ಶಿ ಷರತ್ತು ಹಾಕಿದರು: "ಪಕ್ಷಪಾತ ಅಂತ ಒಂದು ದೂರೂ ಬರಬಾರದು ಮೇಡಂ. ಬರದಿದ್ರೆ ಫೈನಲ್ ನಿಮಗೇ. ಬಂದ್ರೆ, ಮುಂದೆ ಲೇಡೀಸ್‌ನ ಕರೆಯಲ್ಲ."

"ಗಂಡಸರಿಗೂ ಇದೇ ಷರತ್ತಾ?"

"ಅಯ್ಯೋ, ಹಾಗೆ ಮಾಡಿದ್ರೆ ನಮಗೆ ರೆಫ್ರಿಗಳೇ ಉಳಿಯಲ್ಲ."

೧. ಕಾವಲು

ಆ ಮೊದಲ ಪಂದ್ಯಕ್ಕೆ ಕಪ್ಪು ಜೆರ್ಸಿ ಹಾಕಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದೆ. ಒಂದು ತಂಡದ ಕ್ಯಾಪ್ಟನ್ ಬಂದ. "ಅಕ್ಕಾ, ಸ್ವಲ್ಪ ನೋಡ್ಕೊಳ್ಳಿ" ಅಂತ ವಾಚು, ಫೋನು ಕೈಗಿಟ್ಟ. ಅವನ ಹಿಂದೆ ಇನ್ನೂ ಐದು ಜನ ಇಟ್ಟರು. ಎಲ್ಲವನ್ನೂ ನನ್ನ ಬ್ಯಾಗಿಗೆ ಹಾಕಿಕೊಂಡೆ. ಏಳು ಗಂಟೆಗೆ ಅವನೇ ಕೂಗಿದ: "ಏನ್ ಮಗಾ, ರೆಫ್ರಿ ಇನ್ನೂ ಎದ್ದೇ ಇಲ್ವಾ?"

ನಡು ಮೈದಾನಕ್ಕೆ ನಡೆದು ವಿಷಲ್ ಊದಿದೆ. "ಎದ್ದು ಬಂದು ಅರ್ಧ ಗಂಟೆ ಆಯ್ತಪ್ಪ. ನಿಮ್ಮ ಸಾಮಾನು ಕಾಯ್ತಾ ಇದ್ದೆ."

ಆ ದಿನ ಯಾರೂ ನನ್ನ ತೀರ್ಪಿಗೆ ಎದುರಾಡಲಿಲ್ಲ. ಫೋನುಗಳು ಇನ್ನೂ ನನ್ನ ಬ್ಯಾಗಿನಲ್ಲೇ ಇದ್ದವು.

೨. ಮನೆಯಲ್ಲಿ

ಜೋಗುಪಾಳ್ಯದ ನಮ್ಮ ಮನೆಯ ತಾರಸಿಯಲ್ಲಿ ವಿಷಲ್ ಊದಿ ಅಭ್ಯಾಸ ಮಾಡುತ್ತಿದ್ದೆ. ಅತ್ತೆ ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಕೆಳಗಿನಿಂದಲೇ ಕೂಗಿದರು: "ನಿನ್ನ ಸದ್ದಿಗೆ ಮೂರು ದಿನದಿಂದ ಕುಕ್ಕರ್ ಆರಿಸ್ತಿದೀನಿ ಕಣಮ್ಮ. ಬೇಳೆ ಒಂದಿನಾನೂ ಬೆಂದಿಲ್ಲ!"

೩. ಮೌನ

ಮೂರನೆಯ ವಾರ ಎರಡು ತಂಡಗಳೂ ತುಟಿ ಬಿಚ್ಚದೆ ಆಡಿದವು. ಒಂದು ತಂಡದ ಗೋಲ್‌ಕೀಪರ್ ಕೂಡ ಮೂಗನಾಗಿದ್ದ. ಅವನ ತಂಡ ನಾಲ್ಕು ಗೋಲು ಬಿಟ್ಟುಕೊಟ್ಟಿತು. ವಿರಾಮದಲ್ಲಿ ಕೇಳಿದೆ: "ಯಾಕಪ್ಪ, ನಿನ್ನ ಡಿಫೆಂಡರ್‌ಗಳಿಗೆ ಏನೂ ಹೇಳೋದೇ ಇಲ್ವಾ?"

ಅವನು ತಲೆ ತಗ್ಗಿಸಿದ. "ಹೇಳ್ಬೇಕು ಅಕ್ಕಾ. ಆದ್ರೆ ನಿಮ್ಮ ಮುಂದೆ ಹೇಳೋ ಥರ ಒಂದು ಮಾತೂ ನಂಗೆ ಬರಲ್ಲ."

೪. ಫೈನಲ್

ಸೀಸನ್ ಮುಗಿಯುತ್ತ ಬಂತು. ಒಂದು ದೂರೂ ಬರಲಿಲ್ಲ. ಫೈನಲ್ ನನಗೇ ಸಿಕ್ಕಿತು. ಆದರೆ ಫೈನಲ್ ತಲುಪಿದ ಒಂದು ತಂಡವನ್ನು ನಡೆಸುತ್ತಿದ್ದವನು ನನ್ನ ತಮ್ಮ. ಕೆ.ಆರ್. ಪುರದಲ್ಲಿ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಅವನಿಗೆ ಆ ತಂಡವೆಂದರೆ ಪ್ರಾಣ. ಅವನ ಮಗನೇ ಅದರ ಮುಖ್ಯ ಆಟಗಾರ. ಆ ಹುಡುಗ ಪಿಯುಸಿಯ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದವನು.

"ಬೇರೆಯವರನ್ನ ಹಾಕಿ" ಅಂತ ಕಾರ್ಯದರ್ಶಿಗೆ ಹೇಳಿದೆ. ಎದುರು ತಂಡದವರೇ ಒಪ್ಪಲಿಲ್ಲ. "ಅಕ್ಕನೇ ಇರ್ಲಿ ಗುರು. ನಮಗಿಂತ ಮನೆಯವರಿಗೇ ಅವರ ಭಯ ಜಾಸ್ತಿ."

ಪಂದ್ಯ ಒಂದು–ಒಂದು ಸಮ. ಕೊನೆಯ ನಿಮಿಷಗಳು. ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ನನ್ನ ತಮ್ಮನ ಮಗ ಕೈಯಿಂದ ತಳ್ಳಿದ. ಅದಕ್ಕೆ ಕೆಂಪು ಕಾರ್ಡು, ಎದುರಾಳಿಗೆ ಪೆನಾಲ್ಟಿ. ಕಾರ್ಡು ಎತ್ತಿದೆ.

"ತಾನಾಗೇ ತಗುಲ್ತು ಅತ್ತೆ!"

"ಇಲ್ಲಿ ಅತ್ತೆ ಇಲ್ಲಪ್ಪ. ಆಚೆ ನಡಿ."

ನನ್ನ ತಮ್ಮ ಪಂಚೆ ಎತ್ತಿ ಕಟ್ಟಿಕೊಂಡು ಮೈದಾನಕ್ಕೇ ನುಗ್ಗಿದ. "ನಿನ್ನ ಮನೇಲಿ ಬೆಳೆದ ಮಗು ಕಣಕ್ಕಾ! ಅವನ ಕೈ ಅಂತ ಹೆಂಗೆ ಹೇಳ್ತೀಯ?"

"ಎಡಗೈ. ಎರಡು ವರ್ಷ ನಮ್ಮ ಡಬ್ಬದಿಂದ ಚಕ್ಕುಲಿ ಕದ್ದ ಕೈ. ನಂಗೆ ಗೊತ್ತಾಗಲ್ವಾ?" ಅಂದು ಅವನಿಗೂ ಕೆಂಪು ಕಾರ್ಡು ತೋರಿಸಿದೆ. ಮೈದಾನವೆಲ್ಲ ನಕ್ಕಿತು. ಪೆನಾಲ್ಟಿ ಗೋಲಾಯಿತು. ತಮ್ಮನ ತಂಡ ಸೋತಿತು.

ಮರುದಿನ ಲೀಗಿಗೆ ನನ್ನ ಮೇಲೆ ಮೊದಲ ದೂರು ಬಂತು. ತಮ್ಮನ ಕೈಬರಹ. ಕಾರ್ಯದರ್ಶಿ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು: "ರೆಫ್ರಿ ನನ್ನ ಸ್ವಂತ ಅಕ್ಕ. ಆದರೂ ಇಡೀ ಪಂದ್ಯದಲ್ಲಿ ಒಮ್ಮೆಯೂ ನಮ್ಮ ಪರ ತೀರ್ಪು ಕೊಡಲಿಲ್ಲ. ಇದು ಪಕ್ಷಪಾತ."

ನಕ್ಕೂ ನಕ್ಕೂ ಅವರಿಗೆ ದೂರಿನ ಮೇಲೆ ಸಹಿ ಮಾಡಲು ಆಗಲಿಲ್ಲ. ದೂರು ವಜಾ ಆಯಿತು. ಮುಂದಿನ ಸೀಸನ್‌ನಲ್ಲಿ ಇನ್ನೂ ಇಬ್ಬರು ಹೆಣ್ಣುಮಕ್ಕಳು ವಿಷಲ್ ಹಿಡಿದರು. ಒಬ್ಬಳು ನನ್ನ ಶಾಲೆಯಲ್ಲಿ ಕಲಿತವಳು.

ಅದಾದ ಮೇಲೆ ನಾಲ್ಕು ಗೌರಿ ಹಬ್ಬ ಕಳೆದವು. ನನ್ನ ತಮ್ಮ ಬಾಗಿನ ತರಲಿಲ್ಲ. ಹೋದ ವರ್ಷ ಆ ಹುಡುಗನ ಮದುವೆಯಾಯಿತು. ನಮ್ಮ ಬೀದಿಯಲ್ಲಿ ಮೂರು ಮನೆಗೆ ಕರೆಯೋಲೆ ಕೊಟ್ಟು ಹೋದರು. ನಮ್ಮ ಮನೆಗೆ ಬರಲಿಲ್ಲ.