ಇಂಬಳದ ಪಟ್ಟಿಗೆ ಮೂರು ನಿಮಿಷ

ಚೆನ್ನಾಗಿಯೇ ಇದ್ದ ಮಾತೊಂದನ್ನು ತಿದ್ದಿಕೊಡಿ ಎಂದು ನಿವೃತ್ತ ಮೇಷ್ಟ್ರ ಕೈಗೆ ಕೊಟ್ಟರೆ ಏನಾಗುತ್ತದೆ, ಊಹಿಸಿ ನೋಡೋಣ. ನೀವು ಊಹಿಸಿದ್ದಕ್ಕಿಂತ ಒಂದು ಕೈ ಹೆಚ್ಚೇ ಆಗುತ್ತದೆ. ನನ್ನಿಂದ ಇಂಥವು ಆಗುತ್ತಲೇ ಇರುತ್ತವೆ. ನಾಚಿಕೆಯಾಗುತ್ತದೆ, ಹೇಳದೆ ಇರಲಿಕ್ಕೂ ಆಗುವುದಿಲ್ಲ.

ನನ್ನ ತಂಗಿಯ ಮಗಳು ಫಾರ್ಮಸಿ ಓದಿದವಳು. ಇಂಬಳ, ಅಂದರೆ ನಮ್ಮ ಮಲೆನಾಡಿನ ಜಿಗಣೆ, ಕಚ್ಚಿದ ಜಾಗದಲ್ಲಿ ರಕ್ತ ಸುರಿಯುತ್ತಲೇ ಇರುತ್ತದಲ್ಲ, ಅದನ್ನು ನಿಲ್ಲಿಸುವ ಅಂಟುಪಟ್ಟಿ ಮಾಡಿದ್ದಾಳೆ. ಔಷಧಿ ಕಂಪನಿಯ ಮ್ಯಾನೇಜರೊಬ್ಬರು ಕೊಪ್ಪಕ್ಕೆ ಬರುವವರಿದ್ದರು. ಮೂರು ನಿಮಿಷದಲ್ಲಿ ಅವರನ್ನು ಒಪ್ಪಿಸಿದರೆ ಪಟ್ಟಿ ಅಂಗಡಿಗೆ, ಇಲ್ಲದಿದ್ದರೆ ಅಟ್ಟಕ್ಕೆ. ಎನ್.ಆರ್. ಪುರದಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿದ ಮಾವ ಇರುವಾಗ ಭಯವೇಕೆ? ಅವರೆದುರು ಹೇಳಲೆಂದು ಅವಳು ಬರೆದಿಟ್ಟ ಮಾತನ್ನು ತಿದ್ದುವ ಕೆಲಸ ನಾನೇ ಕೇಳಿ ಪಡೆದೆ.

ಪೀಠಿಕೆ

ಬಂದವರೊಡನೆ ಏಕಾಏಕಿ ವ್ಯಾಪಾರದ ಮಾತು ತೆಗೆಯುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಾಗಾಗಿ ದಾರಿ ಹೇಗಿತ್ತು, ಬಾಳೆಹೊನ್ನೂರಿನ ಮೇಲೆ ಬಂದಿರೋ, ತಿಂಡಿ ಆಯಿತೋ ಎಂದೆಲ್ಲ ಮೊದಲಿಗೆ ಸೇರಿಸಿದೆ. ಆಮೇಲೆ ಈ ಸಲದ ಮಳೆ. ಮಳೆ ಬಂದ ಮೇಲೆ ಕಾಫಿಯನ್ನು ಬಿಡಲಿಕ್ಕಾಗುತ್ತದೆಯೇ? ಅವಳು ಗಟ್ಟಿಯಾಗಿ ಓದುತ್ತಾ ಕೂತಳು. ಒಳಗೆ ಕುಕ್ಕರ್ ಕೂಗಿ, ಅನ್ನವಾಗಿ, ನನ್ನವಳು ಎಲೆ ಹಾಕಿದಳು.

"ಮಾವ, ಊಟಕ್ಕೆ ಎಲೆ ಬಂತು," ಎಂದಳು ಹುಡುಗಿ. "ಇಂಬಳ ಇನ್ನೂ ಬಂದೇ ಇಲ್ಲ."

ವಿನಯ

ಪೀಠಿಕೆ ಕತ್ತರಿಸಿದೆ, ವಿನಯ ತುಂಬಿದೆ. ನಮ್ಮದನ್ನು ನಾವೇ ಹೊಗಳಿಕೊಳ್ಳಬಾರದಲ್ಲ? "ಅಂಥಾ ದೊಡ್ಡದೇನಲ್ಲ, ಏನೋ ಸುಮಾರಾಗಿದೆ, ಬೇಡದಿದ್ದರೆ ಸಂಕೋಚ ಬೇಡ" ಎಂದು ಬರೆದುಕೊಟ್ಟು, ಶೃಂಗೇರಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನನ್ನ ಗೆಳೆಯನ ಮುಂದೆ ಅವಳಿಂದ ಹೇಳಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ಆಮೇಲೆ ಬಹಳ ಅಕ್ಕರೆಯಿಂದ ಅವಳಿಗೆ ಸಮಾಧಾನ ಹೇಳಿದ:

"ಹೋಗ್ಲಿ ಬಿಡು ಕೂಸೇ. ಮುಂದಿನ ಸಲ ಸರಿಯಾಗಿ ಮಾಡುವಿಯಂತೆ."

ಮ್ಯಾನೇಜರ ಕಾಲು

ಮ್ಯಾನೇಜರು ಬಂದೇಬಿಟ್ಟರು. ಮೊದಲು ನೆಮ್ಮಾರ್ ಕಡೆಯ ಕಾಡಂಚಿನಲ್ಲಿ ಓಡಾಡಿ, ನಂತರ ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಕೂತರು. ಹುಡುಗಿ ನನ್ನ ತಿದ್ದುಪಡಿಗಳನ್ನೆಲ್ಲ ಬಿಸಾಕಿ ತನ್ನದೇ ಮಾತು ಹೇಳುತ್ತಿದ್ದಳು. ರಕ್ತ ನಿಲ್ಲುವುದಿಲ್ಲ ಎನ್ನುವಲ್ಲಿಗೆ ಬರುವುದಕ್ಕೂ ಅವರ ಕಾಲುಚೀಲ ಕೆಂಪಾಗುವುದಕ್ಕೂ ಸರಿಹೋಯಿತು. ಕಾಡಿನಿಂದ ಇಂಬಳವೂ ಜೊತೆಗೇ ಬಂದಿತ್ತು. ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? ಅವಳು ಪಟ್ಟಿಯ ಪೊಟ್ಟಣ ಹರಿಯುತ್ತಿದ್ದಳು.

ಅಷ್ಟರಲ್ಲಿ ನನ್ನ ಹಾಳು ಕೈ, ನನ್ನನ್ನು ಒಂದು ಮಾತೂ ಕೇಳದೆ, ಎಲೆಯಡಿಕೆ ತಟ್ಟೆಗೆ ಹೋಯಿತು. ಬಗ್ಗಿ ಅವರ ಕಾಲು ಹಿಡಿದು, ಕಾಲುಚೀಲ ಇಳಿಸಿ, ಇಂಬಳ ಕಿತ್ತೆಸೆದು, ಗಾಯಕ್ಕೆ ಸುಣ್ಣ ಮೆತ್ತಿಬಿಟ್ಟೆ.

ಮ್ಯಾನೇಜರು ರಕ್ತ ನಿಂತದ್ದು ಕಂಡು ಬೆರಗಾಗಿ, ಇದು ಒಳ್ಳೆಯದಿದೆಯಲ್ಲ, ಎಷ್ಟಾಗುತ್ತದೆ ಎಂದು ಕೇಳಿದರು. ಸುಮ್ಮನಿರಬೇಡವೇ ನಾನು? "ಇದಕ್ಕೆಂತ ದುಡ್ಡು ಮಾರಾಯ್ರೆ, ಎಲ್ಲರ ಮನೇಲೂ ಇರುತ್ತೆ" ಎಂದೆ.

ಹುಡುಗಿಯ ಮುಖ ನೋಡಿದೆ. ನೆಲ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಅವಳು ಮಾತ್ರ ಸಾವಧಾನವಾಗಿ, "ಸರ್, ಒಮ್ಮೆ ಎದ್ದು ನಾಲ್ಕು ಹೆಜ್ಜೆ ನಡೀರಿ" ಎಂದಳು. ನಡೆದರು. ಸುಣ್ಣ ಉದುರಿತು, ರಕ್ತ ಮತ್ತೆ ಇಳಿಯಿತು. ಅವಳು ಗಾಯ ಒರೆಸಿ ಪಟ್ಟಿ ಅಂಟಿಸಿದಳು, ಮತ್ತೆ ನಡೆಸಿದಳು. ಒಂದು ಹನಿಯೂ ಇಲ್ಲ.

ಮಾರುಕಟ್ಟೆಯಲ್ಲಿ ನಿಮಗೆ ಪೈಪೋಟಿ ಯಾರದ್ದು ಎಂದರು ಮ್ಯಾನೇಜರು, ಕೊನೆಯ ಪ್ರಶ್ನೆಯಾಗಿ. ಅವಳು ನನ್ನತ್ತ ಕೈ ತೋರಿಸಿದಳು.

"ಇವರದ್ದೇ ಸರ್."

ಅವರು ನಕ್ಕ ನಗುವಿಗೆ ಪಟ್ಟಿ ಒಪ್ಪಿಗೆಯಾಯಿತು. ಬೆಳಿಗ್ಗೆಯಷ್ಟೇ ನನ್ನವಳು ನನ್ನ ಪಾದ ತೊಳೆದು, ಹೂವಿಟ್ಟು, ಪೂಜೆ ಮಾಡಿದ್ದಳು. ಮಧ್ಯಾಹ್ನ ಅವಳ ಕಣ್ಣೆದುರೇ ನಾನು ಇನ್ನೊಬ್ಬರ ಕಾಲು ಹಿಡಿದು ಕೂತಿದ್ದೆ. ಅವತ್ತು ಗುರುವಾರ, ಭೀಮನ ಅಮಾವಾಸ್ಯೆ.