ವಿಂಚೆಸ್ಟರಿನ ಮುಳುಗುಗಾರ ಮತ್ತು ನೂರಿಪ್ಪತ್ತು ಕುರ್ಚಿಗಳು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ರಾರಿಟನ್ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಬಂದ ಸಂದೇಶವೊಂದಕ್ಕೆ ಅಮರೇಶ್ವರ ಹೆಬ್ಬೆರಳು ಒತ್ತಿದ. ಆ ಬಳಗದಲ್ಲಿ ಹೆಬ್ಬೆರಳೆಂದರೆ 'ನೋಡಿದೆ' ಎಂದಲ್ಲ, 'ನಾನೇ ಮಾಡುತ್ತೇನೆ' ಎಂದು ಅರ್ಥ. ಆರು ವರ್ಷದ ಹಿಂದೆ ಅಮೆರಿಕದ ಎಡಿಸನ್ನಿಗೆ ಹೊಸದಾಗಿ ಬಂದಾಗ, 'ಕುರ್ಚಿ ಜೋಡಿಸಲು ಯಾರಾದರೂ ಬೇಕು' ಎಂಬ ಸಂದೇಶಕ್ಕೆ ಅವನು ಬರೀ ಮರ್ಯಾದೆಗೆಂದು ಹೆಬ್ಬೆರಳು ಒತ್ತಿದ್ದ. ಅಂದಿನಿಂದ ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಯಾರದೋ ಅರವತ್ತರ ಶಾಂತಿಯಿರಲಿ, ನೂರಿಪ್ಪತ್ತು ಕುರ್ಚಿಗಳನ್ನು ಬಿಚ್ಚಿ ಹಾಕುವವನೂ ಅವನೇ, ಮಡಚಿ ಒಟ್ಟುವವನೂ ಅವನೇ.

ಈ ಸಲ ಮಾತ್ರ ಬೇಕೆಂದೇ ಒತ್ತಿದ. 'ಇವತ್ತಿನ ಭಾಷಣಕಾರರಿಗೆ ಜ್ವರ. ಇಂಗ್ಲೆಂಡಿನ ಕೆಥೆಡ್ರಲ್ ಊರು ವಿಂಚೆಸ್ಟರ್ ಬಗ್ಗೆ ಯಾರಾದ್ರೂ ಮಾತಾಡ್ತೀರಾ? ಪೋಸ್ಟರ್ ಆಗೋಗಿದೆ!' ಎಂದು ಕಾರ್ಯದರ್ಶಿ ತ್ರಿಪುರಸುಂದರಿ ಗೋಗರೆದಿದ್ದರು. ಭಾಷಣ ಮಾಡಿದವರನ್ನು ಸಾಂಸ್ಕೃತಿಕ ಸಮಿತಿಗೆ ಸೇರಿಸಿಕೊಳ್ಳುವುದು ಬಳಗದ ಪದ್ಧತಿ. ಸಮಿತಿಯವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಕುರ್ಚಿಗೆ ಬೆನ್ನು ಕೊಡುತ್ತಾರೆಯೇ ಹೊರತು ಕೈ ಹಚ್ಚುವುದಿಲ್ಲ.

"ವಿಂಚೆಸ್ಟರ್ ಬಗ್ಗೆ ನಿಮಗೇನ್ರೀ ಗೊತ್ತು?" ಎಂದಳು ಹೆಂಡತಿ ನಂದಿತಾ.

"ಪ್ರಾಜೆಕ್ಟ್ ಮ್ಯಾಲೆ ಮೂರು ತಿಂಗಳು ಅಲ್ಲೇ ಇದ್ದೆನಲ್ಲ."

"ಆ ಮೂರು ತಿಂಗಳೂ ಫೋನಲ್ಲಿ ಹೇಳಿದ್ದು ಮಳೆ, ಬ್ರೆಡ್ಡು. ಇವೆರಡೇ."

"ಓದಕೋತೀನಿ ಬಿಡು. ಇವತ್ತೊಂದಿನ ಮಾತಾಡಿದ್ರ ಜೀವಮಾನ ಕುರ್ಚಿ ಎತ್ತೂದು ತಪ್ಪತೈತಿ."

ಮಧ್ಯಾಹ್ನದೊಳಗೆ ಅವನು ಸಾವಿರ ವರ್ಷದ ಇತಿಹಾಸವನ್ನು ಹಸಿದವನು ಅವಲಕ್ಕಿ ಮುಕ್ಕಿದ ಹಾಗೆ ಮುಕ್ಕಿದ, ನಲವತ್ತು ಸ್ಲೈಡು ಮಾಡಿದ. ಶಾಲೆಯ ಬಾಡಿಗೆ ಹಾಲಿಗೆ ಹೋದರೆ ಕುರ್ಚಿಗಳೆಲ್ಲ ಮೂಲೆಯಲ್ಲಿ ಒಟ್ಟಿದಂತೆಯೇ ಇದ್ದವು. ಭಾಷಣಕಾರನೇ ಕೋಟು ಬಿಚ್ಚಿ ನೂರಿಪ್ಪತ್ತನ್ನೂ ಹಾಕಿದ. ವೇದಿಕೆ ಹತ್ತುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಲ್ಯಾಪ್‌ಟಾಪ್ ತೆರೆದರೆ ಅದು ಅಪ್‌ಡೇಟ್ ಶುರು ಮಾಡಿಕೊಂಡು ನೂರಕ್ಕೆ ಹದಿನಾಲ್ಕರಲ್ಲಿ ಧ್ಯಾನಕ್ಕೆ ಕೂತಿತು.

"ಅಮರೇಶ್ವರ ಅವರು ವಿಂಚೆಸ್ಟರ್‌ನಲ್ಲಿ ದಶಕಗಳ ಕಾಲ ಸಂಶೋಧನೆ ಮಾಡಿದವರು," ಎಂದು ಅಧ್ಯಕ್ಷ ಶಂಕರನಾರಾಯಣ ಗಂಭೀರವಾಗಿ ಪರಿಚಯಿಸಿದರು. ಮೂರನೆಯ ಸಾಲಿನಲ್ಲಿ ನಂದಿತಾ ಕಣ್ಣು ಮುಚ್ಚಿಕೊಂಡಳು.

ಸ್ಲೈಡಿಲ್ಲದೆ ಅವನು ಕೈಯಲ್ಲಿದ್ದ ಟಿಪ್ಪಣಿ ಚೀಟಿ ನೋಡುತ್ತ ರಾಜರಿಂದ ಶುರು ಮಾಡಿದ. "ಕೆಥೆಡ್ರಲ್ಲಿನಾಗ, ಅಂದ್ರ ಅಲ್ಲಿನ ದೊಡ್ಡ ಚರ್ಚಿನಾಗ, ಹಳೇ ರಾಜರ ಎಲುಬು ಪೆಟ್ಟಿಗ್ಯಾಗ ಇಟ್ಟಾರ್ರೀ. ಹದಿನೇಳನೇ ಶತಮಾನದಾಗ ಸೈನಿಕರು ನುಗ್ಗಿ ಎಲ್ಲಾ ಚೆಲ್ಲಾಡಿದ್ರು. ಆಮ್ಯಾಲೆ ಆರಿಸಿ ತುಂಬಿದ್ರು. ಆದ್ರ ಯಾವ ಎಲುಬು ಯಾವ ರಾಜಂದು ಅಂತ ಗೊತ್ತಾಗಲಿಲ್ಲ."

ಮಗಳ ಮನೆಗೆ ಧಾರವಾಡದಿಂದ ಬಂದಿದ್ದ ಬಸಲಿಂಗಮ್ಮ ಕೂತಲ್ಲಿಂದಲೇ ಕೇಳಿದರು: "ಹಂಗಾರ ಎಡೆ ಯಾರ ಹೆಸರ್ಲೆ ಇಡ್ತಾರಪಾ?"

ಸಭೆ ಗೊಳ್ಳೆಂದಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ವಾಂಗೀಬಾತಿನ ವಾಸನೆ ಬಂತು. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಬಾಗಿಲ ಕಡೆ ನೋಡತೊಡಗಿದರು. ತ್ರಿಪುರಸುಂದರಿ ಮೊದಲು ಐದು ನಿಮಿಷವೆಂದು ಐದು ಬೆರಳು ತೋರಿಸಿದರು, ಮರುಕ್ಷಣವೇ ಎರಡು. ಸಮಿತಿ ಕೈಜಾರುತ್ತಿದೆ ಎಂದು ಅಮರೇಶ್ವರನಿಗೆ ಹೊಳೆಯಿತು. ಚೀಟಿಯನ್ನು ಜೇಬಿಗೆ ತುರುಕಿ ಮುಳುಗುಗಾರನ ಕತೆಗೆ ಹಾರಿದ.

ನೂರು ವರ್ಷಕ್ಕೂ ಹಿಂದೆ ಆ ಕೆಥೆಡ್ರಲ್ ಕುಸಿಯತೊಡಗಿತ್ತು. ಅಡಿಯಲ್ಲಿ ಜೌಗು, ಅಗೆದಷ್ಟೂ ನೀರು. ಆಗ ವಿಲಿಯಂ ವಾಕರ್ ಎಂಬ ಮುಳುಗುಗಾರ ಭಾರದ ಪೋಷಾಕು ತೊಟ್ಟು ಗೋಡೆಯ ಬುಡಕ್ಕೆ ಇಳಿದ. ನೀರು ಎಷ್ಟು ಕದಡಿತ್ತೆಂದರೆ ಏನೂ ಕಾಣುತ್ತಿರಲಿಲ್ಲ. ಕೈಯಲ್ಲೇ ತಡವಿ ತಡವಿ ಕಾಂಕ್ರೀಟಿನ ಚೀಲಗಳನ್ನು ಜೋಡಿಸಿದ. ಊಟಕ್ಕೆ ಮೇಲೆ ಬಂದರೂ ಶಿರಸ್ತ್ರಾಣವೊಂದನ್ನೇ ತೆಗೆಯುತ್ತಿದ್ದ. ಪೋಷಾಕು ಬಿಚ್ಚಿ ತೊಡುವುದರಲ್ಲೇ ಹೊತ್ತು ಹೋಗುತ್ತಿತ್ತು.

"ಸುಮಾರು ಆರು ವರ್ಷ್ರೀ!" ಅಮರೇಶ್ವರನ ದನಿ ಏರಿತು. ಅವನು ವಾಕರನನ್ನು ಮರೆತು ತನ್ನದನ್ನೇ ಹೇಳಿಕೊಳ್ಳುತ್ತಿದ್ದ. "ಮ್ಯಾಲೆ ಆರಾಮ ಕೂತು ಪ್ರಾರ್ಥನಿ ಮಾಡಾವ್ರಾಗ ಎಷ್ಟ ಮಂದಿಗೆ ಕೆಳಗಿನಾಂವನ ನೆನಪು ಬಂದಿತ್ತೋ ಏನೋ! ಅಂಥಾವ್ರನ್ನ ಗುರುತಿಸಬೇಕ್ರೀ. ಜೀವಂತ ಇದ್ದಾಗ!"

ಬಾಗಿಲವರೆಗೆ ಹೋಗಿದ್ದವರು ಮರಳಿ ಬಂದು ಕೂತರು. ಶಂಕರನಾರಾಯಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೈಕಿಗೆ ಬಂದರು.

"ಇಷ್ಟು ವರ್ಷ ನಮ್ಮ ಕಣ್ಣು ಎಲ್ಲಿತ್ತು? ನಮ್ಮ ಬಳಗದಲ್ಲೂ ಒಬ್ಬ ವಾಕರ್ ಇದ್ದಾರೆ. ಇಲ್ಲೇ ನಿಂತಿದ್ದಾರೆ!"

ಅಮರೇಶ್ವರನ ಎದೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು.

"ಪದ್ಧತಿ ಪ್ರಕಾರ ಇವರನ್ನ ಸಾಂಸ್ಕೃತಿಕ ಸಮಿತಿಗೆ ತಗೋಬೇಕು." ಅವನ ಕಣ್ಣು ಮುಂದಿನ ಸಾಲಿನ ಖಾಲಿ ಜಾಗ ಹುಡುಕಿತು. "ಆದ್ರೆ ಯೋಚಿಸಿ. ಆ ವಾಕರನ್ನ ಅರ್ಧದಲ್ಲೇ ಮೇಲಕ್ಕೆ ಕರೆದು, 'ಬಾಪ್ಪಾ, ನೀನೂ ಕೂತ್ಕೋ' ಅಂದಿದ್ರೆ? ಕೆಥೆಡ್ರಲ್ಲೇ ಇರ್ತಿರ್ಲಿಲ್ಲ! ಆ ತಪ್ಪು ನಾವು ಮಾಡಲ್ಲ. ಇವತ್ತಿನಿಂದ ಅಮರೇಶ್ವರ ಅವರು ನಮ್ಮ ಆಜೀವ ಆಸನ ಪ್ರಮುಖರು!"

"ಸರ, ನಾ ಹೇಳಿದ್ದು ಏನಂದ್ರ..."

"ನೋಡಿ, ಎಂಥಾ ವಿನಯ!" ಎನ್ನುತ್ತ ತ್ರಿಪುರಸುಂದರಿ ಶಾಲು ಹೊದಿಸಿಯೇ ಬಿಟ್ಟರು.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೇಗೂ ಎದ್ದಾಯಿತಲ್ಲ ಎಂದು ಹಾಗೆಯೇ ವಾಂಗೀಬಾತಿನ ಕಡೆ ತಿರುಗಿತು. "ನಿಮಗೊಂದು ಪ್ಲೇಟ್ ತೆಗೆದಿಟ್ಟಿರ್ತೀನಿ ರೀ," ಎಂದು ನಂದಿತಾಳೂ ಹೋದಳು. ನಗು ತಡೆದು ತಡೆದು ಅವಳ ಮುಖ ಕೆಂಪಾಗಿತ್ತು.

ಅಮರೇಶ್ವರ ಶಾಲನ್ನು ಸೊಂಟಕ್ಕೆ ಬಿಗಿದ. ಬೆಚ್ಚಗೆ ಹಿತವಾಗಿತ್ತು. ತನಗೆ ತಾನೇ ನಗುತ್ತ ಕುರ್ಚಿ ಮಡಚತೊಡಗಿದ. ಮಂಡಿನೋವಿನ ಬಸಲಿಂಗಮ್ಮ ಮಾತ್ರ ಎದ್ದಿರಲಿಲ್ಲ.

"ಹೌದಪಾ, ಆ ವಾಕರನ್ನ ಕಡೀಕೆ ಮ್ಯಾಲೆ ಕರದ್ರಿಲ್ಲೋ?"

"ಕರದ್ರು ಯವ್ವಾ. ಕೆಲಸಾ ಮುಗಿದ ಮ್ಯಾಲೆ."

ಅವರದೊಂದನ್ನು ಬಿಟ್ಟು ಉಳಿದ ನೂರಾ ಹತ್ತೊಂಬತ್ತನ್ನೂ ಮಡಚಿ ಗೋಡೆಗೆ ಒಟ್ಟಿ ಅವನು ಕೈ ಕೊಡವಿಕೊಳ್ಳುವಷ್ಟರಲ್ಲಿ, ಊಟದ ಕೋಣೆಯಿಂದ ಅಧ್ಯಕ್ಷರ ದನಿ ಅಕ್ಕರೆಯಿಂದ ಕೂಗಿತು:

"ವಾಕರ್ ಸಾಹೇಬ್ರೇ! ಇಲ್ಲಿ ಎಲ್ಲರೂ ನಿಂತ್ಕೊಂಡೇ ತಿಂತಿದಾರೆ. ಒಂದು ಅರವತ್ತು ಕುರ್ಚಿ ಈ ಕಡೆ ಹಾಕಿಸ್ತೀರಾ?"