ಚರಣಕ್ಕೆ ಒದಗದವನು

ಕೀರ್ತಿಯ ಆಸೆ ಮನುಷ್ಯನನ್ನು ಯಾವ ದಿಕ್ಕಿನಿಂದ ಬಂದು ಅಮರಿಕೊಳ್ಳುತ್ತದೋ ಹೇಳಲಾಗದು. ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನಟ್ಟು ಬೋಲ್ಟುಗಳ ನಡುವೆ ನೆಮ್ಮದಿಯಾಗಿದ್ದ ನನಗೆ ಅದು ಬಂದದ್ದು ನಮ್ಮ ಮಹಡಿಯಿಂದಲೇ. ರಾಮಮೂರ್ತಿ ನಗರದ ನಮ್ಮ ಮನೆಯ ಮೇಲ್ಭಾಗಕ್ಕೆ ಡೆನ್ನಿಸ್ ಎಂಬ ಹುಡುಗ ಬಾಡಿಗೆಗೆ ಬಂದಿದ್ದ. ಹಲಸೂರಿನಲ್ಲಿ ಹುಟ್ಟಿ ಬೆಳೆದವನು. ಹಗಲು ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು, ಸಂಜೆ ಮೂವರು ಗೆಳೆಯರೊಂದಿಗೆ ರಾಕ್ ಬ್ಯಾಂಡು. ಹಾಡು ಇಂಗ್ಲಿಷಿನದು, ಬರೆಯುವವನು ಅವನೇ. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ರೆಕಾರ್ಡ್ ಮಾಡಿ, ಕ್ಯಾಸೆಟ್ಟಿನ ಮೇಲೆ ತಾವೇ ಚೀಟಿ ಅಂಟಿಸುತ್ತಿದ್ದರು. ಅವನು ಹಾಡು ಬರೆಯುವ ವೇಗದಲ್ಲಿ ನನ್ನ ಹೆಂಡತಿ ಸರೋಜ ದೋಸೆ ಹುಯ್ಯಲಾರಳು. ವರ್ಷಕ್ಕೆ ಮೂರು ಆಲ್ಬಮ್!

ಇಷ್ಟೊಂದು ಹಾಡಿಗೆ ವಸ್ತು ಎಲ್ಲಿಂದ ಬರಬೇಕು? ಕಣ್ಣಿಗೆ ಬಿದ್ದವರೆಲ್ಲ ಹಾಡಾಗುತ್ತಿದ್ದರು. ತಾರಸಿಯ ಮೇಲೆ ಸಂಡಿಗೆ ಒಣಹಾಕಿ ಕಾಗೆ ಓಡಿಸುವ ಸರೋಜಳ ಮೇಲೆ ಒಂದು, ಇಸ್ತ್ರಿಯವನ ಮೇಲೆ ಒಂದು, ಎದುರುಮನೆಯ ಕುಂಟು ನಾಯಿಯ ಮೇಲೆ ಎರಡು. ಸರೋಜಳ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ತನ್ನ ಹಾಡು ಬಂದೊಡನೆ ಟೇಪ್‌ರೆಕಾರ್ಡರಿನ ಸದ್ದು ಜೋರು ಮಾಡುತ್ತಿದ್ದಳು. ನಾಯಿಗೆ ಎರಡು ಹಾಡು, ಮನೆಯ ಯಜಮಾನನಿಗೆ ಒಂದೂ ಇಲ್ಲ. ಇದು ನನ್ನನ್ನು ಕೊರೆಯತೊಡಗಿತು. ಡೆನ್ನಿಸ್ ಕಿಟಕಿಯಲ್ಲಿ ಗಿಟಾರ್ ಹಿಡಿದು ಕೂತಾಗಲೆಲ್ಲ ನಾನು ಅಂಗಳದಲ್ಲಿ ಚಿಂತಾಮಗ್ನನಾಗಿ ಅಡ್ಡಾಡಿದೆ. “ಏನ್ರೀ, ಬೀಗದ ಕೈ ಕಳ್ಕೊಂಡ್ರಾ?” ಎಂದಳು ಸರೋಜ.

ಹೊಸ ಆಲ್ಬಮ್ ಹೊರಬಂದ ಸಂಜೆ ಇಂದಿರಾನಗರದ ಸಣ್ಣ ಸಭಾಂಗಣವೊಂದಕ್ಕೆ ನಮ್ಮನ್ನೂ ಕರೆದಿದ್ದ. ಸಫಾರಿ ಸೂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಒಟ್ಟು ಹದಿಮೂರು ಹಾಡು. ಪ್ರತಿ ಹಾಡಿಗೂ ಮುಂಚೆ ಅದು ಯಾರ ಮೇಲೆ ಬರೆದದ್ದೆಂದು ಡೆನ್ನಿಸ್ ಹೇಳುತ್ತಿದ್ದ. ಪ್ರತಿ ಸಲವೂ ನಾನು ಎದ್ದು ಕೈಮುಗಿಯಲು ಅಣಿಯಾಗುತ್ತಿದ್ದೆ. ಹಾಲಿನವಳು ಬಂದಳು, ಸರೋಜ ಮತ್ತೊಮ್ಮೆ ಬಂದಳು, ನಾಯಿಯೂ ಬಂತು. ನಾನು ಬರಲಿಲ್ಲ.

ಮರುದಿನ ನಾಚಿಕೆ ಬಿಟ್ಟು ಮಹಡಿ ಹತ್ತಿದೆ. “ನನ್ ಬಗ್ಗೆ ಏನೂ ಬರೀಬೇಕು ಅನ್ನಿಸ್ಲಿಲ್ವೇನಪ್ಪಾ?”

ಅವನ ಮುಖ ಸಣ್ಣದಾಯಿತು. “ಬರ್ದೆ ಸಾರ್, ಪ್ರಾಮಿಸ್. ‘ಮೋಟಾರ್ ಆಫ್ ಮಾಡಿದ್ಯಾ’ ಅಂತ ದಿನಾ ಕೇಳ್ತೀರಲ್ಲ, ಅದೇ ಪಲ್ಲವಿ. ಟ್ಯೂನ್ ಕೂಡ ಸಖತ್ತಾಗ್ ಬಂತು. ಚರಣಕ್ಕೆ ಮಾತ್ರ ಮ್ಯಾಟರ್ ಸಿಗ್ಲಿಲ್ಲ.” ಪಾಪ, ನೋಟ್‌ಬುಕ್ ತೆಗೆದು ಎದುರಿಗೆ ಕೂತ. “ನೀವೇ ಹೇಳಿ ಸಾರ್, ಲೈಫಲ್ಲಿ ಏನಾದ್ರೂ ಆಗಿರೋದು.”

ಯೋಚಿಸಿದೆ. ಪರೀಕ್ಷೆಗಳೆಲ್ಲ ಒಂದೇ ಸಲಕ್ಕೆ ಪಾಸು. ಮೊದಲು ಸಿಕ್ಕ ಕೆಲಸವೇ ಕೆಲಸ, ಮೊದಲು ನೋಡಿದ ಹೆಣ್ಣೇ ಹೆಂಡತಿ. ಸ್ಕೂಟರಿನಿಂದ ಒಮ್ಮೆಯೂ ಬಿದ್ದವನಲ್ಲ. ಇದನ್ನೆಲ್ಲ ಅಲ್ಲಿಯವರೆಗೆ ದೇವರ ದಯೆ ಎಂದುಕೊಂಡಿದ್ದೆ.

“ಒಂದ್ಸಲ ಕೆ.ಆರ್. ಪುರದಲ್ಲಿ ಕೊನೇ ಗಳಿಗೇಲಿ ಬಸ್ ತಪ್ಪಿಹೋಯ್ತು,” ಎಂದೆ.

ಅವನು ಪೆನ್ನೆತ್ತಿದ. “ಆಮೇಲೆ?”

“ಹಿಂದೇನೇ ಇನ್ನೊಂದ್ ಬಂತು.”

ಪೆನ್ನು ಕೆಳಗಿಟ್ಟ. “ಪರ್ವಾಗಿಲ್ಲ ಸಾರ್, ಮುಂದಿನ್ ಆಲ್ಬಮ್‌ಗೆ ಇನ್ನೂ ನಾಕ್ ತಿಂಗ್ಳಿದೆ. ಅಷ್ಟ್ರಲ್ಲಿ ಏನಾದ್ರೂ ಆಗುತ್ತೆ,” ಎಂದು ಧೈರ್ಯ ಹೇಳಿದ.

ಆ ನಾಲ್ಕು ತಿಂಗಳಲ್ಲಿ ನನಗೆ ಆದದ್ದು ಒಂದೇ: ಕನ್ನಡಕದ ನಂಬರು ಏರಿತು. ಅದನ್ನು ಹೋಗಿ ಹೇಳುವುದೋ ಬೇಡವೋ ತಿಳಿಯದೆ ಅರ್ಧ ಮೆಟ್ಟಿಲವರೆಗೆ ಮೂರು ಸಲ ಹತ್ತಿ, ಮೂರು ಸಲ ಇಳಿದೆ.